ಅಟ್ಟದ ಕಾಯಿಯೊಳಗೆ ಏನಿದೆ

ನಮ್ಮ ಭಾವ ಹಾಸನದ ಕಾಲೇಜೊಂದರಲ್ಲಿ ತತ್ವಶಾಸ್ತ್ರದ ಮೇಷ್ಟ್ರು. ಒಂದು ವಸ್ತು ಇರುವುದು ಬೇರೆ, ಅದು ಇದೆ ಎಂದು ನಮಗೆ ತಿಳಿಯುವುದು ಬೇರೆ, ಇವೆರಡಕ್ಕೂ ಏನು ಸಂಬಂಧ ಎಂದು ಪಾಠ ಮಾಡಿ ಮಾಡಿಯೇ ಅವರ ನೆತ್ತಿ ಬೋಳಾಯಿತು. ಅಕ್ಕ ಹೇಳುವ ಪ್ರಕಾರ, ಫ್ರಿಜ್ಜಿನಲ್ಲಿ ಕಣ್ಣೆದುರಿಗೇ ಇರುವ ಮೊಸರು ಭಾವನಿಗೆ ತಿಳಿಯುವುದಿಲ್ಲ. ಮೊಸರು ಪಾಪ ಇದ್ದೇ ಇರುತ್ತದೆ.

ಭಾವನಿಗೆ ಇನ್ನೊಂದು ಅಭ್ಯಾಸವಿದೆ. ಯಾರು ಏನು ಹೇಳಿದರೂ ತಲೆಯಾಡಿಸುತ್ತಾರೆ. ಎದುರಿನವನು ಪೂರ್ತಿ ತಪ್ಪು ಹೇಳುತ್ತಿದ್ದರಂತೂ ಇನ್ನೂ ಜೋರಾಗಿ ಆಡಿಸುತ್ತಾರೆ. ಹುಡುಗರು ಅದನ್ನು ಒಪ್ಪಿಗೆ ಎಂದು ತಿಳಿದು ಪರೀಕ್ಷೆಯಲ್ಲೂ ಅದನ್ನೇ ಬರೆದು ಬರುತ್ತಾರಂತೆ. ಹುಡುಗರ ಕಥೆ ಅವರ ಹಣೆಬರಹ. ನಾನು ಹೇಳಹೊರಟಿರುವುದು ಆ ತಲೆಯಾಟ ನಮ್ಮ ಅಜ್ಜಿಯ ಅಟ್ಟಕ್ಕೆ ಮಾಡಿದ ಕೆಲಸದ ಕಥೆ.

ಅಜ್ಜಿಯ ಊರು ನುಗ್ಗೇಹಳ್ಳಿಯ ಪಕ್ಕ. ಅಲ್ಲಿ ತೆಂಗಿನಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ವರ್ಷ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕಾಯಿ ಚಿಪ್ಪು ಬಿಟ್ಟು, ಇಡೀ ಗಿಟುಕಾಗಿ, ಅಂದರೆ ಒಣಗಿದ ಗುಂಡು ಕೊಬ್ಬರಿಯಾಗಬೇಕು. ಆಗಿದೆಯೋ ಇಲ್ಲವೋ ಎಂದು ಒಡೆದು ನೋಡುವಂತಿಲ್ಲ. ಒಡೆದರೆ ತಿಳಿಯುತ್ತದೆ ನಿಜ, ಆದರೆ ಆ ಕಾಯಿ ಮತ್ತೆ ಕೊಬ್ಬರಿಯಾಗುವುದಿಲ್ಲ. ಅದಕ್ಕೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು. ಮೊದಮೊದಲು ನೀರು ಕುಳುಕುಳು ಅನ್ನುತ್ತದೆ. ಆಮೇಲೆ ಸುಮಾರು ದಿನ ಏನೂ ಅನ್ನುವುದಿಲ್ಲ. ಕೊನೆಗೆ ಗಿಟುಕು ಲೊಟಲೊಟ ಅನ್ನುತ್ತದೆ. ಅಲ್ಲಾಡಿಸಿ "ಆಗೈತೆ" ಎಂದು ಹೇಳುವ ಅಧಿಕಾರ ಆ ಮನೆಯಲ್ಲಿ ಅಜ್ಜಿಯೊಬ್ಬಳದೇ. ಉಳಿದ ಅಧಿಕಾರವೆಲ್ಲ ಒಂದೊಂದಾಗಿ ಅವಳ ಮಗ, ನಮ್ಮ ಮಾವನ ಕೈಗೆ ಹೋಗಿತ್ತು. ಮಾವನಿಗೆ ಆ ಅಟ್ಟ ಕೀಳಿಸಿ ಆರ್‌ಸಿಸಿ ಹಾಕಿಸಿ, ಕಾಯನ್ನು ಹಸಿಯಾಗಿಯೇ ಚನ್ನರಾಯಪಟ್ಟಣಕ್ಕೆ ಸಾಗಿಸಿ ಕೈ ತೊಳೆದುಕೊಳ್ಳುವ ಆಸೆ. "ನನ್ ಕಿವಿ ಇರಗಂಟ ಅಟ್ಟ ಇರ್ತದೆ" ಎಂದು ಅಜ್ಜಿ ಅವನ ಬಾಯಿ ಮುಚ್ಚಿಸುತ್ತಿದ್ದಳು.

ಆ ಕಿವಿ ಎಂದೋ ಮಂದವಾಗಿತ್ತು. ಅದು ನಮಗ್ಯಾರಿಗೂ ತಿಳಿಯಲಿಲ್ಲ, ಯಾಕೆಂದರೆ ನಮ್ಮ ವಂಶದಲ್ಲಿ ಪಕ್ಕದಲ್ಲಿ ಕೂತವರ ಜೊತೆಯೂ ಹೊಲದಾಚೆ ಇರುವವರನ್ನು ಕರೆದ ಹಾಗೆ ಮಾತಾಡುವುದು.

ಈ ಸಲ ವರ್ಷ ತುಂಬುವ ಮೊದಲೇ ಅಟ್ಟದ ಹಲಗೆಗೆ ಗೆದ್ದಲು ಹತ್ತಿತು. ಕಾಯಿ ಆಗಿದ್ದರೆ ಈಗಲೇ ಇಳಿಸಿಬಿಡುವುದು ಎಂದು ಮಾವ ಅವಸರಪಟ್ಟ. ಅಕ್ಕ, ಭಾವ, ನಾನು ಅಂದು ಅಲ್ಲೇ ಇದ್ದೆವು. ಅಜ್ಜಿ ಏಣಿಯ ಬುಡದಲ್ಲಿ ಕೂತು ಒಂದು ಕಾಯಿ ತರಿಸಿಕೊಂಡಳು. ಎದುರಿಗೆ ಎಂದಿನಂತೆ ಮಾವನ ಹೆಂಡತಿ, ನಮ್ಮ ಅತ್ತೆ, ಪಕ್ಕದಲ್ಲಿ ಭಾವ.

"ಒಡೆಯದೇ ಹೇಗೆ ಅಜ್ಜಿ ಒಳಗೇನಿದೆ ಅಂತ ತಿಳಿಯೋದು?" ಎಂದರು ಭಾವ.

"ಅದೇ ಯೋಳ್ತದೆ, ಸುಮ್ಕಿರಿ."

ಅಜ್ಜಿ ಅಲ್ಲಾಡಿಸಿದಳು. ಅತ್ತೆಯ ಮುಖ ನೋಡಿದಳು. ಆ ಮುಖದಲ್ಲಿ ಏನೂ ಇರಲಿಲ್ಲ. ಮತ್ತೆ ಅಲ್ಲಾಡಿಸಿದಳು. ಕಣ್ಣು ಭಾವನ ಕಡೆ ಹೊರಳಿತು. ಭಾವ ಗಂಭೀರವಾಗಿ, ನಿಧಾನವಾಗಿ, ತಲೆಯಾಡಿಸುತ್ತಿದ್ದರು.

"ಆಗೈತೆ. ಇಳುಸ್ರಿ."

ಮಾವ ಇಳಿಸಿದ, ಸುಲಿದ, ಒಡೆದ. ಮೊದಲನೆಯದು ಹಸಿ. ಚಿಪ್ಪಿಗೆ ಕಚ್ಚಿಕೊಂಡೇ ಇತ್ತು. ಎರಡನೆಯದೂ ಹಸಿ, ಅದರ ಮುಂದಿನದೂ ಹಸಿ. ಮಾವ ಮಚ್ಚು ಕೆಳಗಿಟ್ಟ.

"ಅವ್ವಾ, ನಿಂಗೆ ಕಿವಿ ಕೇಳ್ಸಕಿಲ್ವಾ?"

"ಏನಂದ್ಯಲಾ?" ಎಂದಳು ಅಜ್ಜಿ.

ಯಾರೂ ನಗಲಿಲ್ಲ. ಅಜ್ಜಿಯ ಕೈಯಲ್ಲಿದ್ದ ಕಾಯಿ ಮಡಿಲಿಗೆ ಇಳಿಯಿತು. "ಆ ಮೇಷ್ಟ್ರು ತಲೆ ಆಡುಸ್ಲಿಲ್ವಾ?" ಎಂದಳು, ಸಣ್ಣ ದನಿಯಲ್ಲಿ. ಅವಳಿಗೆ ಸಣ್ಣ ದನಿಯೊಂದು ಇದೆ ಎಂದು ನನಗೆ ತಿಳಿದದ್ದೇ ಅಂದು.

"ನಾನು ಒಪ್ಪಿ ಆಡಿಸಲಿಲ್ಲ ಅಜ್ಜಿ," ಭಾವ ಕೂಗಿ ಹೇಳಿದರು, "ಯೋಚನೆ ಮಾಡ್ತಾ ಆಡಿಸಿದೆ. ನಮಗೆ ತಿಳಿಯೋಕೆ ಮುಂಚೆ ಒಳಗೆ ಕೊಬ್ಬರಿ ಇದೆ ಅನ್ನಬಹುದಾ ಅಂತ..."

"ಐತೆ ಮೇಷ್ಟ್ರೇ, ಐತೆ," ಎಂದ ಮಾವ. "ಹಸೀದೈತೆ. ಚಟ್ನಿ ಮಾಡುಸ್ಕಂಡು ಓಗಿ. ಸರಿ ಬುಡವ್ವಾ, ಇನ್ ಅಟ್ಟ ಕೀಳ್ಸದೇಯ."

ಆಗ ಅತ್ತೆ ಬಾಯಿಬಿಟ್ಟಳು. "ನಂಗೂ ಏನೂ ಕೇಳುಸ್ಲಿಲ್ಲ ಕಣತ್ತೆ. ನಂದೇ ಕಿವಿ ಸರಿಗಿಲ್ಲ ಅನ್ಕಂಡೆ. ಯಾವಾಗ್ಲೂ ನಿಮ್ ಮಕ ನೋಡೇ ಊಂ ಅಂತಿದ್ದೆ."

"ನನ್ ಮಕವಾ?" ಅಜ್ಜಿ ನೆಟ್ಟಗೆ ಕೂತಳು. "ಲೇ, ನಾನ್ ನಿನ್ ಮಕ ನೋಡ್ತಿದ್ದೆ ಕಣೇ!"

ಆಮೇಲೆ ಅತ್ತೆಯ ಕಡೆ ಬಾಗಿ ಕೇಳಿದಳು:

"ಅಂಗಾರೆ ಇಷ್ಟ್ ವರ್ಸ ಕಾಯ್ ಕೇಳ್ತಿದ್ದೋರ್ ಯಾರೇ?"

ಯಾರೂ ಇಲ್ಲ. ಅವಳು ಇವಳನ್ನು ನಂಬಿ, ಇವಳು ಅವಳನ್ನು ನಂಬಿ, ಒಬ್ಬರಿಗೂ ತಿಳಿಯದ ಸಂಗತಿಯನ್ನು ಇಬ್ಬರೂ ಸೇರಿ ಖಚಿತವಾಗಿ ತಿಳಿದುಕೊಂಡಿದ್ದರು. ವರ್ಷ ತುಂಬುವವರೆಗೆ ಬಿಡುತ್ತಿದ್ದರಾದ್ದರಿಂದ ಕೊಬ್ಬರಿ ತನ್ನ ಪಾಡಿಗೆ ತಾನು ಆಗುತ್ತಿತ್ತು. ಭಾವ ಇದನ್ನು ಕಾಲೇಜಿನಲ್ಲಿ ಹೇಳುವುದಕ್ಕೆ ಇಡೀ ಸೆಮಿಸ್ಟರ್ ತೆಗೆದುಕೊಳ್ಳುತ್ತಾರೆ.

ಮೊದಲು ನಕ್ಕವಳು ಅಜ್ಜಿ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಮಡಿಲಿನ ಕಾಯಿ ಎತ್ತಿ, ಕಿವಿಗಲ್ಲ, ಕಿವಿಗೆ ಕೇಳದ್ದು ಮೂಳೆಗೆ ತಿಳಿದೀತು ಎಂಬಂತೆ ದವಡೆಗೆ ಒತ್ತಿಕೊಂಡಳು.

"ಬಾರೇ ಇಲ್ಲಿ. ಕಣ್ ಮುಚ್ಕ. ನನ್ ಮಕ ನೋಡಿದ್ರೆ ನೋಡು!"

ಇಬ್ಬರೂ ಕಣ್ಣು ಮುಚ್ಚಿದರು. ಅಜ್ಜಿ ಅಲ್ಲಾಡಿಸಿದಳು.

"ಇಲ್ಲ" ಎಂದಳು ಅತ್ತೆ. "ಇಲ್ಲ" ಎಂದಳು ಅಜ್ಜಿ, ಅದೇ ಗಳಿಗೆಗೆ.

ಮಾವ ಆ ಕಾಯಿ ಕಿತ್ತುಕೊಂಡು ಒಡೆದ. ಹಸಿ. ಅವನು ಆ ಹೋಳನ್ನು ಅಜ್ಜಿಯ ಮಡಿಲಿಗಿಟ್ಟು, "ಅರಕಲಗೂಡಲ್ಲಿ ಒಳ್ಳೆ ಹಲಗೆ ಸಿಕ್ತವಂತೆ" ಎಂದ. ಅಷ್ಟೇ. ಸುಲಿಯದೆ ಉಳಿದಿದ್ದ ಕಾಯೆಲ್ಲ ಹೊಸ ಹಲಗೆಯ ಮೇಲೆ ಹೋಗಿ ಕೂತವು.

ಬೇಸಿಗೆ ಕಳೆದ ಮೇಲೆ ಅಜ್ಜಿ ಮತ್ತೆ ನಮ್ಮನ್ನು ಕರೆಸಿದಳು. ಏಣಿಯ ಬುಡದಲ್ಲಿ ಅವಳು, ಎದುರಿಗೆ ಅತ್ತೆ, ಇಬ್ಬರ ಕಣ್ಣೂ ಮುಚ್ಚಿದ್ದವು. ಕಾಯಿ ದವಡೆಯ ಮೇಲೆ ಲೊಟಲೊಟ ಅಂದಿತು. ನನಗೂ ಕೇಳಿಸಿತು. ಭಾವನನ್ನು ಮಾತ್ರ ಮುಂಜಾಗ್ರತೆಗೆಂದು ಗೋಡೆ ಕಡೆ ಮುಖ ಮಾಡಿ ನಿಲ್ಲಿಸಿದ್ದರು. ಹಿಂದಿನಿಂದ ನೋಡಿದೆ. ಬೋಳು ನೆತ್ತಿ ಗೋಡೆಯ ಸುಣ್ಣಕ್ಕೆ ಸಮಾಧಾನವಾಗಿ ತಲೆಯಾಡಿಸುತ್ತಿತ್ತು.