ಮೈಕಿನ ಬೆನ್ನಿಗೆ ವಿಭೂತಿ

ನೀವು ಎಂದಾದರೂ ಮೈಕಿಗೆ ವಿಭೂತಿ ಹಚ್ಚಿದ್ದೀರಾ? ನಾವು ಹಚ್ಚಿದ್ದೇವೆ. ಅದೂ ತಪ್ಪು ಕಡೆ.

ನಾಸಿಕದ ನಮ್ಮ ಮನೆಯಿಂದ ಸಂಭಾಜಿನಗರಕ್ಕೆ ಕಾರಿನಲ್ಲಿ ನಾಲ್ಕು ತಾಸು. ಅಷ್ಟು ಹೊತ್ತು ಮಡಚಿ ಕೂರುವ ತಾಕತ್ತು ನಮ್ಮ ಅತ್ತೆಯ ಮೊಣಕಾಲಿಗೆ ಉಳಿದಿಲ್ಲ. ಅಲ್ಲಿ ನನ್ನ ನಾದಿನಿ ಗಿರಿಜಾಳ ಮನೆಯಲ್ಲಿ ಅವಳ ಮಗಳ ಕೂಸಿನ ತೊಟ್ಟಿಲ ಕಾರ್ಯ. ಅಂದರೆ ಅತ್ತೆಗೆ ಮೊದಲ ಮರಿಮೊಮ್ಮಗಳು. ಕಲಬುರಗಿಯಲ್ಲಿದ್ದಾಗ ನಮ್ಮ ಮನೆತನದ ಯಾವ ತೊಟ್ಟಿಲನ್ನೂ ಅತ್ತೆಯ ಜೋಗುಳವಿಲ್ಲದೆ ತೂಗಿದ್ದಿಲ್ಲ. (ನನ್ನ ಮಗಳ ತೊಟ್ಟಿಲಿಗೆ ಎಷ್ಟು ಉದ್ದ ಹಾಡಿದರೆಂದರೆ, ಅಡುಗೆಯವನೇ ಬಂದು ಅನ್ನ ಆರುತ್ತಿದೆ ಎಂದಿದ್ದ.)

ಗಿರಿಜಾ ಫೋನಿನಲ್ಲಿ ತಾಯಿಗೆ ಸಮಾಧಾನ ಹೇಳಿದಳು. ಕಾಲು ನೋಯಿಸಿಕೊಂಡು ಬರುವುದು ಬೇಡ, ಜೋಗುಳಕ್ಕೇನು, ಮೊಬೈಲಿನಲ್ಲಿ ಯಾವುದಾದರೂ ಒಂದು ಹಚ್ಚುತ್ತೇವೆ ಎಂದಳು. ಸಮಾಧಾನ ಹೇಳುವುದು ಎಲ್ಲರಿಗೂ ಬರುವುದಿಲ್ಲ. ಅತ್ತೆ ಅಂದು ಅರ್ಧ ರೊಟ್ಟಿಗೇ ಎದ್ದರು.

ಆಗ ನಮ್ಮ ಯಜಮಾನರು ಅಖಾಡಕ್ಕೆ ಇಳಿದರು. ಅವ್ವನ ಜೋಗುಳ ರೆಕಾರ್ಡ್ ಮಾಡಿ ಕಳಿಸೋಣ ಎಂದರು. ಫೋನಿನಲ್ಲೇ ಮಾಡಬಹುದಲ್ಲ ಎಂದೆ. ಕ್ವಾಲಿಟಿ ಇರುವುದಿಲ್ಲವಂತೆ. ಆಮೇಲೆ ಬ್ಯಾಂಕಿನಿಂದ ಬಂದವರೇ ಯೂಟ್ಯೂಬ್ ಮುಂದೆ. ಹೊಸಬರಿಗೆ ಯಾವ ಮೈಕು? ಬಜೆಟ್‌ನಲ್ಲಿ ಯಾವುದು ಬೆಸ್ಟ್? ಕಾರು ಕೊಳ್ಳುವಾಗಲೂ ಈ ಮನುಷ್ಯ ಇಷ್ಟು ಓದಿರಲಿಲ್ಲ. ಕೊನೆಗೆ ಬಂದದ್ದು ಅಗ್ಗದ್ದೇ, ಲ್ಯಾಪ್‌ಟಾಪಿಗೆ ನೇರ ಸಿಕ್ಕಿಸುವಂಥದ್ದು. ಲೋಟದಷ್ಟು ಎತ್ತರ, ಜಾಲರಿಯ ತಲೆ.

ಮಲಗುವ ಕೋಣೆ ಸ್ಟುಡಿಯೋ ಆಯಿತು. ದನಿ ಗೋಡೆಗೆ ಬಡಿದು ಗುಂಯ್ ಅನ್ನಬಾರದಂತೆ. ಅತ್ತೆ ಹೊಲಿದ ಕೌದಿಗಳೆಲ್ಲ ಕಿಟಕಿ, ಕಪಾಟು ಏರಿದವು. ಉಸಿರು ಮೈಕಿಗೆ ಬಡಿಯಬಾರದಂತೆ. ನನ್ನ ಕಸೂತಿ ರಿಂಗಿಗೆ ನನ್ನದೇ ದುಪಟ್ಟಾ ಬಿಗಿದು ಅಡ್ಡ ನಿಲ್ಲಿಸಿದರು. (ಕೇಳಿ ತೆಗೆದುಕೊಂಡರೇ ಎಂದು ಕೇಳಬೇಡಿ.) ಫ್ಯಾನ್ ಬಂದ್.

ಹೊಸ ವಸ್ತು ಅಂದ ಮೇಲೆ ಪೂಜೆ ಬೇಡವೇ? ಅತ್ತೆ ವಿಭೂತಿ ತಂದರು. ಮೈಕಿನ ಒಂದು ಮಗ್ಗುಲಿಗೆ ಕಂಪನಿಯ ಹೆಸರಿತ್ತು. ಅದರ ಮೇಲೆ ಹಚ್ಚಿದರೆ ನಾಳೆ ವಾರಂಟಿಗೆ ತಕರಾರು ಬಂದೀತೆಂದು ಯಜಮಾನರು ಮೈಕನ್ನು ತಿರುಗಿಸಿ, ಏನೂ ಬರೆಯದ ಮಗ್ಗುಲನ್ನು ಒಡ್ಡಿದರು. (ಬ್ಯಾಂಕಿನ ಮಂದಿ!) ಮೂರು ಬೆರಳ ವಿಭೂತಿ, ನಡುವೆ ಕುಂಕುಮ. ವಿಭೂತಿ ಬಿದ್ದ ಕಡೆಯೇ ಮುಖವಲ್ಲವೇ? ಅತ್ತೆ ಅದಕ್ಕೆ ಕೈಮುಗಿದು, ಎದುರು ಕೂತು ಹಾಡಿದರು. ಯಜಮಾನರು ಲ್ಯಾಪ್‌ಟಾಪ್ ಹಿಡಿದು ಆಚೆ ಮಗ್ಗುಲಿಗೆ ಕೂತರು.

ಮುಗಿದ ಮೇಲೆ ರೆಕಾರ್ಡ್ ಹಚ್ಚಿ ಕೇಳಿದೆವು. ಜೋಗುಳ ಎಲ್ಲೋ ಪಕ್ಕದ ಓಣಿಯಿಂದ ಬಂದಂತಿತ್ತು. ಯಜಮಾನರ ದನಿ ಮಾತ್ರ ಕಿವಿಯಲ್ಲೇ ಕೂತು ಹೇಳಿದಷ್ಟು ಸ್ಪಷ್ಟ. "ಜೋರ್ ಹಾಡವ್ವಾ. ಹತ್ರ ಬಾ. ಇಷ್ಟ್ ಹತ್ರ ಬ್ಯಾಡ. ಆ ನುಡಿ ಬಿಡು, ಭಾಳ ಉದ್ದ ಆಗ್ತದ."

"ನಿನ್ನ ಹಾಡು ಛಲೋ ಬಂದದ ತಮ್ಮಾ," ಎಂದರು ಅತ್ತೆ.

ಡಬ್ಬಿಯಲ್ಲಿದ್ದ ಕೈಪಿಡಿ ತೆಗೆದು ನೋಡಿದೆ. (ಇಷ್ಟೆಲ್ಲ ವಿಡಿಯೋ ನೋಡಿದವರು ಅದನ್ನೇಕೆ ಬಿಡಿಸಲಿಲ್ಲ?) ಹೆಸರಿರುವ ಮಗ್ಗುಲೇ ಮುಖವಂತೆ. ಬೆನ್ನಿನ ಕಡೆ ಈ ಮೈಕು ಹೆಚ್ಚುಕಡಿಮೆ ಕಿವುಡು. ತಿರುಗಿಸಿದರೆ ಆಯಿತು. ಆದರೆ ವಿಭೂತಿ ಹಚ್ಚಿದ್ದನ್ನು ಹಿಂದೆ ಮಾಡಿ ಹಾಡುವುದು ಹೇಗೆ? ಅತ್ತೆ ಒಪ್ಪಲಿಲ್ಲ. ಅದು ಬರೀ ಮಷೀನು ಎಂದು ಮಗ ಹೇಳಿದ್ದು ಕೇಳಿಸಲೇ ಇಲ್ಲ. ನನಗೋ ಆತಂಕ. ಮರುದಿನವೇ ತೊಟ್ಟಿಲು. ಇವರು ಹಟ ಹಿಡಿದರೆ ಅಲ್ಲಿ ಯಾವುದೋ ಮೊಬೈಲ್ ಹಾಡೇ ಗತಿ.

ಅತ್ತೆ ತಾವೇ ಯೋಚಿಸಿದರು. ಆಮೇಲೆ ವಿಭೂತಿಯನ್ನು ಮತ್ತೆ ಕೈಗೆತ್ತಿಕೊಂಡರು.

"ಲಿಂಗಕ್ಕ ಹಿಂದ ಮುಂದ ಅದ ಏನು? ಇದಕ್ಯಾಕ?"

ಕಂಪನಿಯ ಹೆಸರಿನ ಮೇಲೆ ಮೂರು ಬೆರಳು ಎಳೆದರು. ವಾರಂಟಿ ಶಿವಾರ್ಪಣ.

ಈ ಸಲ ಅತ್ತೆ ಸರಿಯಾದ ಕಡೆ, ಯಜಮಾನರು ಬೆನ್ನಿನ ಕಡೆ. ಉಸಿರೆತ್ತಿದರೂ ರೆಕಾರ್ಡ್ ಆದೀತೆಂದು ಬಾಯಿಗೆ ಕೈ ಅಡ್ಡ ಇಟ್ಟು ಕೂತಿದ್ದರು. (ಆ ಮಗ್ಗುಲು ಕಿವುಡು ಎಂದು ನೆನಪಿಸಲು ನಾನು ಹೋಗಲಿಲ್ಲ.) ಮಗ ಬಿಡು ಅಂದಿದ್ದ ನುಡಿಯನ್ನೂ ಬಿಡದೆ ಅತ್ತೆ ಹಾಡಿದರು. ಅರ್ಧಕ್ಕೆ ನೋಡುತ್ತೇನೆ, ಯಜಮಾನರ ಕಣ್ಣು ಸ್ಕ್ರೀನಿನ ಮೇಲಿಲ್ಲ, ತಾಯಿಯ ಮೇಲಿದೆ.

ಸಂಭಾಜಿನಗರದಲ್ಲಿ ಅದನ್ನೇ ಹಚ್ಚಿ ತೊಟ್ಟಿಲು ತೂಗಿದರು. ಕೂಸೇನೂ ಮಲಗಲಿಲ್ಲವಂತೆ. ಗಿರಿಜಾ ಫೋನ್ ಮಾಡಿ ಅತ್ತಳು. ಅತ್ತೆ ಅಂದು ಎರಡು ರೊಟ್ಟಿ ತಿಂದರು.

ಅಲ್ಲಿಗೆ ಮೈಕು ಕಪಾಟು ಸೇರುತ್ತದೆ ಅಂದುಕೊಂಡಿದ್ದೆ. ಇಲ್ಲ. ಈಗ ಸಂಜೆಯಾದರೆ ಅತ್ತೆ ಮಗನಿಗೆ ಮೈಕು ತೆಗೆಯಲು ಹೇಳುತ್ತಾರೆ. ಬೀಸುವ ಹಾಡು, ಮದುವೆ ಹಾಡು, ನಾನು ಸೊಸೆಯಾಗಿ ಬಂದ ಮೇಲೆ ಒಮ್ಮೆಯೂ ಕೇಳಿರದ ಹಾಡುಗಳು. ನಮ್ಮ ಬಳಗದಲ್ಲಿ ಸದ್ಯಕ್ಕೆ ತೊಟ್ಟಿಲೂ ಇಲ್ಲ, ಮದುವೆಯೂ ಇಲ್ಲ. ಇದೆಲ್ಲ ಯಾರ ಸಲುವಾಗಿ ಎಂದು ಅಡುಗೆಮನೆಯಲ್ಲಿ ಅತ್ತೆಯನ್ನು ಕೇಳಿದೆ.

"ಮೈಕ್ ಇಟ್ರ ಅವ ಸುಮ್ಮ ಕುಂತು ಕೇಳ್ತಾನ ನೋಡವ್ವಾ," ಎಂದರು.

ನಿಮ್ಮ ಮನೆಗೂ ಒಂದು ಮೈಕು ಬೇಕೇನು?