ಪಾಲಾಗದ ಚಿಗುರು

ದೇವನಹಳ್ಳಿ ಆಚೆಯ ಒಂದು ಬೀಜದ ಕಂಪನಿಯಲ್ಲಿ ಮುತ್ತಮ್ಮನದು ಕಲ್ಲಂಗಡಿ ಸಸಿಗೆ ಔಷಧ ಬಿಡುವ ಕೆಲಸ. ಎರಡೆಲೆ ಬಿರಿಯುತ್ತಿದ್ದಂತೆ ನಡುವಿನ ಸುಳಿಗೆ ಒಂದು ಹನಿ. ಕೈಗೆ ಗ್ಲೌಸು ಬೇಕೇ ಬೇಕು, ಅದು ವಿಷ.

ಮನೆಯಲ್ಲಿ ಅವಳಿಗೆ ಬೇಕಾಗಿದ್ದು ಒಂದೇ, ತನ್ನದೇ ಆದ ಬಾಗಿಲು. ಗಂಡ ಗೋವಿಂದರಾಜುವೂ ಮೈದುನನೂ ಜಗಳವಿಲ್ಲದೆ ಪಾಲಿಗೆ ಒಪ್ಪಿ, ಹೊಲಕ್ಕೆ ಗಡಿಕಲ್ಲು ನೆಟ್ಟಿದ್ದರು. ಒಲೆ ಎರಡಾಯಿತು, ಹಂಡೆ ಎರಡಾಯಿತು. ನಡುಮನೆಯ ಗೋಡೆ ಮೊಣಕಾಲೆತ್ತರ ಏಳುವಷ್ಟರಲ್ಲಿ ಸರ್ಕಾರದ ನೋಟಿಸು ಬಂತು: ಹೊಲವೂ ಮನೆಯೂ ಕೈಗಾರಿಕೆಗೆ ಬೇಕು, ಪಾಲು ಮಾಡುವಂತಿಲ್ಲ, ಕಟ್ಟುವಂತಿಲ್ಲ. ಊರು ಧರಣಿ ಕೂತಿತು. ಸರ್ಕಾರ ನೆಲವನ್ನು ತೆಗೆದುಕೊಳ್ಳಲೂ ಇಲ್ಲ, ಬಿಡಲೂ ಇಲ್ಲ.

ವಾರಗಿತ್ತಿ ಭಾನುಪ್ರಿಯಾ ಆ ಮೋಟುಗೋಡೆ ದಾಟುವಾಗೆಲ್ಲ, "ಸೀರೆ ಎತ್ಕೊಂಡು ದಾಟೋ ಗಡಿ ಇದೊಂದೇ ನೋಡಕ್ಕ" ಅನ್ನುತ್ತಿದ್ದಳು.

ಒಂದು ದಿನ ಮುತ್ತಮ್ಮ ಸೂಪರ್‌ವೈಸರ್ ಚೈತ್ರಳನ್ನು ಕೇಳಿದಳು. "ಈ ಹನಿ ಏನ್ ಮಾಡುತ್ತೆ ಮೇಡಂ?"

"ಜೀವಕೋಶ ಎರಡಾಗೋಕೆ ಮುಂಚೆ ಒಳಗಿರೋ ವರ್ಣತಂತುಗಳೆಲ್ಲ ತಮ್ದೊಂದೊಂದು ನಕಲು ಮಾಡ್ಕೊಳ್ತವೆ. ಆಮೇಲೆ ಸಣ್ಣ ಎಳೆಗಳು ಆ ಜೋಡಿ ಬಿಡಿಸಿ ಒಂದನ್ನ ಆ ಕಡೆ, ಇನ್ನೊಂದನ್ನ ಈ ಕಡೆ ಎಳೀತವೆ. ನಡುವೆ ಗೋಡೆ ಏಳುತ್ತೆ. ಈ ಔಷಧಿ ಆ ಎಳೆ ಕಟ್ಟೋಕೇ ಬಿಡಲ್ಲ. ನಕಲಾಗಿರುತ್ತೆ, ಪಾಲಾಗಲ್ಲ. ಎಲ್ಲಾ ಒಂದೇ ಕೋಶದೊಳಗೆ ಉಳ್ಕೊಳ್ಳುತ್ತೆ."

"ಸಾಯಲ್ವಾ?"

"ಕೆಲವು ಸಾಯ್ತವೆ. ಉಳಿದವು ದಪ್ಪ ಎಲೆ ಬಿಟ್ಕೊಂಡು ಬೆಳೀತವೆ. ಅವನ್ನ ಮಾಮೂಲಿ ಗಿಡದ ಜೊತೆ ಕೂಡಿಸಿದ್ರೆ, ಬೀಜ ಇಲ್ದಿರೋ ಹಣ್ಣಿನ ತಳಿ."

"ನಮ್ಮನೆಗೆ ಯಾವನ್ ಬಿಟ್ನೋ ಈ ಹನೀನ!"

ಚೈತ್ರ ನಕ್ಕಳು. ಮುತ್ತಮ್ಮ ನಗಲಿಲ್ಲ.

ಮುಂದಿನ ಸಲ ಟ್ರೇಯ ಮೂಲೆಯ ಒಂದು ಸಸಿಗೆ ಅವಳು ಹನಿ ಬಿಡಲಿಲ್ಲ. ಒಂದಾದರೂ ನೆಟ್ಟಗೆ ಪಾಲಾಗಲಿ! ಮಿಕ್ಕವು ಸುಳಿ ಮುದುರಿಕೊಂಡು ಕೂತಿದ್ದಾಗ ಅದು ತೆಳ್ಳನೆಯ ಎಲೆ ಬಿಚ್ಚಿ, ಸರಸರನೆ ಕುಡಿ ಚಾಚಿತು. ಮುತ್ತಮ್ಮ ದಿನಾ ಬಂದವಳೇ ಮೊದಲು ಅದನ್ನು ನೋಡುತ್ತಿದ್ದಳು.

ಚೈತ್ರ ಎಲೆ ಮುಟ್ಟಿ ಪರೀಕ್ಷೆ ಮಾಡುತ್ತಾ ಬಂದಳು. ಮೂಲೆಗೆ ಬಂದವಳು, "ಇದಕ್ಕೆ ಔಷಧಿ ಹತ್ತಿಲ್ಲ ಮುತ್ತಮ್ಮ, ಕಿತ್ತಾಕಿ" ಅಂದಳು.

ಬಾಯಿಬಿಟ್ಟರೆ ಕೆಲಸ ಹೋಗುತ್ತದೆ. ಮುತ್ತಮ್ಮ ಕಿತ್ತು ಕಸದ ಬುಟ್ಟಿಗೆ ಹಾಕಿದಳು. ಬೇರು ಚೆನ್ನಾಗಿ ಇಳಿದಿತ್ತು.

ಸಂಜೆ ಗೋವಿಂದರಾಜು ತಾಲ್ಲೂಕು ಕಚೇರಿಯಿಂದ ಬಂದು ಮೋಟುಗೋಡೆಯ ಮೇಲೆ ಕೂತ.

"ಏನಂದ್ರು?"

"ನೋಟಿಸು ಎತ್ತೋಗಂಟ ಇಟ್ಟಿಗೆ ಮುಟ್ಬೇಡಿ ಅಂದ್ರು."

"ಎತ್ತೋದ್ಯಾವಾಗಂತೆ?"

"ಮೇಲಿಂದ ಬರ್ಬೇಕಂತೆ."

ಆಚೆ ಬದಿಯಲ್ಲಿ ಭಾನುಪ್ರಿಯಾಳ ಒಗ್ಗರಣೆ ಸಿಡಿಯಿತು. ಮುತ್ತಮ್ಮ ತನ್ನ ಒಲೆ ಹಚ್ಚಿದಳು. ಎರಡೂ ಒಲೆಯ ಹೊಗೆ ಇದ್ದೊಂದು ಗವಾಕ್ಷಿಗೆ ನುಗ್ಗಿ, ದಾರಿ ಸಾಲದೆ ಮತ್ತೆ ಒಳಕ್ಕೇ ತಿರುಗಿತು.