ಯಾರ ಹೆಸರಿನ ಕರೆಂಟು

ಲಿಂಗರಾಜನಿಗೆ ಸಿಟ್ಟು ಬಂದರೆ ಮೊದಲು ಕಿವಿ ಕೆಂಪಾಗುತ್ತಿತ್ತು, ಆಮೇಲೆ ದನಿ ಏರುತ್ತಿತ್ತು, ಕೊನೆಗೆ ಕೈಗೆ ಸಿಕ್ಕಿದ್ದು ನೆಲ ಕಾಣುತ್ತಿತ್ತು. ಆ ಜುಲೈ ಸಂಜೆ ಮೂರೂ ಒಟ್ಟಿಗೇ ಆದವು. ನ್ಯೂಜಿಲೆಂಡಿನ ಅಪ್ಪರ್ ಹಟ್‌ನ ತನ್ನ ಮನೆಯ ಗ್ಯಾರೇಜಿನಲ್ಲಿ, ಗೋಡೆಗೆ ಬಿಗಿದ ಬ್ಯಾಟರಿಯ ಮುಂದೆ ಅವನು ನಿಂತಿದ್ದ. ಹಗಲು ಛಾವಣಿಯ ಸೋಲಾರ್ ಪ್ಯಾನೆಲ್‌ಗಳು ಮಾಡಿದ ಕರೆಂಟು ಆ ಬಿಳಿ ಪೆಟ್ಟಿಗೆಯಲ್ಲಿ ತುಂಬಿಕೊಂಡು, ಕತ್ತಲಾದ ಮೇಲೆ ಒಲೆಗೆ, ಹೀಟರಿಗೆ ಬರುತ್ತಿತ್ತು. ಈಗ ಮನೆಯಲ್ಲಿ ಒಂದು ದೀಪ ಬಿಟ್ಟರೆ ಏನೂ ಉರಿಯುತ್ತಿಲ್ಲ. ಆದರೂ ಪೆಟ್ಟಿಗೆಯ ಮೇಲಿನ ಹಸಿರು ಗೆರೆ ತೂತುಬಿದ್ದ ಕೊಡದ ನೀರಿನ ಹಾಗೆ ಇಳಿಯುತ್ತಿದೆ.

"ಯಾವನಲೇ ಅಂವ, ನನ್ನ ಬ್ಯಾಟರಿ ಹೀರಾಕತ್ತಾಂವ?" ಎಂದು ಗೋಡೆಗೇ ಕೇಳಿ, ಕೈಯಲ್ಲಿದ್ದ ಸ್ಪ್ಯಾನರ್ ಬೀಸಿ ಒಗೆದ.

ಅವನ ಸಿಟ್ಟಿಗೆ ಕಾರಣ ಇಲ್ಲದಿರಲಿಲ್ಲ. ಈ ಊರಲ್ಲಿ ಅವನದು ಅನ್ನುವಂಥದ್ದು ಅದೊಂದೇ. ಗದಗಿನ ಕಡೆ ಟೆಂಪೊ ಓಡಿಸಿಕೊಂಡಿದ್ದವನು, ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಹೆಂಡತಿ ಪದ್ಮಾವತಿ ನರ್ಸು. ನ್ಯೂಜಿಲೆಂಡಿನಲ್ಲಿ ಕೆಲಸ ಸಿಕ್ಕಿದ್ದು ಅವಳಿಗೆ, ವೀಸಾ ಅವಳದು, ಹಿಂದೆ ಚೀಲ ಹೊತ್ತುಕೊಂಡು ಬಂದವನು ಇವನು. ಬಂದವನೇ ಕಟ್ಟಿಗೆ ಅಡ್ಡೆಯೊಂದರಲ್ಲಿ ಹಲಗೆ ಎತ್ತುವ ಕೆಲಸ ಹಿಡಿದು ಬೆನ್ನು ಸವೆಸಿದ. ಹೋದ ವರ್ಷ ಆ ಅಡ್ಡೆ ಮುಚ್ಚಿತು. ಕೈಗೆ ಬಂದ ಪರಿಹಾರವನ್ನು ಬ್ಯಾಂಕಿನಲ್ಲಿಡು ಎಂದು ಗುರುತಿನವರೆಲ್ಲ ಹೇಳಿದರು. ಇವನು ಕೇಳಲಿಲ್ಲ, ಅಷ್ಟನ್ನೂ ಛಾವಣಿಯ ಮೇಲೆ ಹಾಸಿಬಿಟ್ಟ. "ಇನ್ನ ಯಾವ ದೊರಿ ಮಗನ ಹಂಗೂ ಇಲ್ಲ. ನನ್ನ ಬಿಸಿಲು, ನನ್ನ ಕರೆಂಟು" ಎಂದು ಬಂದ ಬಂದವರಿಗೆಲ್ಲ ಹೇಳಿದ. ಅದನ್ನೇ ಈಗ ಯಾರೋ ಕಾಣದವರು ಇವನನ್ನು ಕೇಳದೆ ಜಗ್ಗಿಕೊಳ್ಳುತ್ತಿದ್ದರು.

ಕರೆಂಟು ಕಂಪನಿಗೆ ಫೋನ್ ಹಚ್ಚಿದ. ಎತ್ತಿದ್ದು ಎಳೆ ದನಿಯ ಹುಡುಗಿ.

"ಮಿಸ್ಟರ್ ಯಶಸ್ ಮಾತಾಡ್ತಿರೋದಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಯಶಸ್ ನನ್ನ ಮಗ. ನಾನು ಅವರಪ್ಪ. ಮನೆ ನಂದು, ಬ್ಯಾಟರಿ ನಂದು."

"ಕ್ಷಮಿಸಿ ಸರ್, ಅಕೌಂಟ್ ಅವರ ಹೆಸರಲ್ಲಿದೆ. ಅವರ ಒಪ್ಪಿಗೆ ಇಲ್ಲದೆ ನಿಮಗೆ ಏನೂ ಹೇಳೋ ಹಾಗಿಲ್ಲ."

ಲಿಂಗರಾಜನ ಇಂಗ್ಲಿಷು ಕಟ್ಟಿಗೆ ಅಡ್ಡೆಯದು. ಅದರಲ್ಲಿ ಎತ್ತು, ಇಳಿಸು, ಎಳೆ ಅನ್ನುವುದಿತ್ತು, ಬೈಗುಳ ಬೇಕಾದಷ್ಟಿತ್ತು. ನ್ಯಾಯ ಕೇಳುವ ಮಾತು ಇರಲಿಲ್ಲ. ಇದ್ದದ್ದನ್ನೇ ಬಳಸಿದ. ಹುಡುಗಿ ಎರಡು ಸಲ "ಸರ್, ಪ್ಲೀಸ್" ಅಂದಳು, ಮೂರನೇ ಸಲ ಅವಳ ದನಿ ನಡುಗಿತು, ಆಮೇಲೆ ಲೈನ್ ಸತ್ತುಹೋಯಿತು. ತಿರುಗಿ ನೋಡಿದರೆ ಪದ್ಮಾವತಿ ಯೂನಿಫಾರ್ಮಿನಲ್ಲೇ ಬಾಗಿಲಲ್ಲಿ ನಿಂತಿದ್ದಳು. ಚೀಲ ಹೆಗಲಿಗೇರಿಸಿ ಒಳಗೆ ಹೋದಳು.

ಅಕೌಂಟ್ ಮಗನ ಹೆಸರಿಗೆ ಹೋಗಿದ್ದು ಹೇಗೆಂದರೆ, ಈ ಮನೆಯಲ್ಲಿ ಎಲ್ಲವೂ ಹಾಗೇ ಹೋಗಿತ್ತು. ಬಂದ ಹೊಸತರಲ್ಲಿ ಯಾವ ಫೋನ್ ಬಂದರೂ ಲಿಂಗರಾಜ "ಲೇ ಯಶ್ಯಾ, ಮಾತಾಡ ಬಾ" ಎಂದು ಮಗನ ಕೈಗೆ ತುರುಕುತ್ತಿದ್ದ. ಬ್ಯಾಂಕು, ವಿಮೆ, ಇಂಟರ್ನೆಟ್ಟು, ಕರೆಂಟು ಎಲ್ಲದಕ್ಕೂ ಮೀಸೆ ಮೂಡದ ಹುಡುಗನೇ ಯಜಮಾನ. ಹೊರಗಿನ ವ್ಯವಹಾರ ಗಂಡಸರದು, ತನಗೆ ಬಾರದಿದ್ದರೆ ಮಗನಿಗೆ. ಅದೇ ಕೋಣೆಯಲ್ಲಿ, ಇಡೀ ದಿನ ಡಾಕ್ಟರರ ಜೊತೆ ಇಂಗ್ಲಿಷಿನಲ್ಲೇ ಏಗಿ ಬಂದ ಹೆಂಗಸು ಚಹಾ ಕುಡಿಯುತ್ತಾ ಕೂತಿರುತ್ತಿದ್ದಳು. ಅವಳ ಕೈಗೆ ಫೋನ್ ಕೊಡಬಹುದು ಅನ್ನುವುದು ಅಪ್ಪನಿಗೂ ಹೊಳೆಯಲಿಲ್ಲ, ಮಗನಿಗೂ ಹೊಳೆಯಲಿಲ್ಲ.

ಯಶಸ್ ಈಗ ಕ್ರೈಸ್ಟ್‌ಚರ್ಚಿನ ರಿಕ್ಕರ್ಟನ್‌ನಲ್ಲಿ ಎಂಜಿನಿಯರು. ಅಪ್ಪ ಫೋನಿನಲ್ಲಿ ಗುಡುಗಿದ್ದಕ್ಕೆ ಅವನು ನಕ್ಕ.

"ಅಪ್ಪಾ, ಚಿಲ್! ಹೋದ ವಾರ ನಾನೇ ಪ್ಲಾನ್ ಚೇಂಜ್ ಮಾಡಿದೆ. ಸಂಜೆ ಎಲ್ಲರಿಗೂ ಕರೆಂಟ್ ಬೇಕಲ್ಲ, ಆಗ ಕಂಪನಿ ನಮ್ಮ ಬ್ಯಾಟರಿಯಿಂದ ತಗೋತದೆ, ಒಳ್ಳೆ ರೇಟ್ ಕೊಡ್ತದೆ. ಇಟ್ಸ್ ಅ ಗುಡ್ ಡೀಲ್."

"ನನಗ ಕೇಳಿದೇನಲೇ?"

"ಕೇಳಿದ್ರೆ ನಿಂಗೆ ಅರ್ಥ ಆಗ್ತಿತ್ತಾ?"

ಲಿಂಗರಾಜ ಸಿಟ್ಟು ನುಂಗಿಕೊಂಡ. ಜನ್ಮದಲ್ಲಿ ಮೊದಲ ಸಲ ದನಿ ತಗ್ಗಿಸಿ, "ಆತಪಾ. ಈಗ ಆ ಅಕೌಂಟಿಗೆ ನನ್ನ ಹೆಸರು ಹಾಕು. ನನ್ನ ಮನಿಗಿ ಯಾವ ಕಂಪನಿ ಬೇಕು ಅಂತ ನಾನ ನೋಡ್ತೇನಿ" ಅಂದ.

"ಬೇಡ ಅಪ್ಪಾ. ನೀನು ಅವರಿಗೆ ಬೈತೀಯ, ಆಮೇಲೆ ಸಾರಿ ಕೇಳೋನು ನಾನು. ಐ ವಿಲ್ ಹ್ಯಾಂಡಲ್ ಇಟ್."

ಲಿಂಗರಾಜ ಫೋನ್ ಇಟ್ಟವನೇ ಸೀದಾ ಹೊರಗೆ ಹೋಗಿ, ಗೋಡೆಯ ಮೀಟರ್ ಪೆಟ್ಟಿಗೆ ತೆಗೆದು, ಮೇನ್ ಸ್ವಿಚ್ ಕೆಳಗೆ ಕೆಡವಿದ. ಹೊರಗಿನ ತಂತಿ ಕಡಿದರೆ ಕಂಪನಿ ಜಗ್ಗುವುದಾದರೂ ಎಲ್ಲಿಂದ? ಇನ್ನು ಮೇಲೆ ಪ್ಯಾನೆಲ್, ಬ್ಯಾಟರಿ, ತಾನು. ಕಂಪನಿಯೂ ಬೇಡ, ಮಗನೂ ಬೇಡ.

ಮೊದಲ ದಿನ ದೊರೆಯ ಹಾಗೆ ಓಡಾಡಿದ. ಮರುದಿನ ಹಟ್ ಕಣಿವೆಯ ಜುಲೈ ತಿಂಗಳ ಚಳಿಗಾಲ ತನ್ನ ಗುಣ ತೋರಿಸಿತು. ಬೆಳಿಗ್ಗೆ ಇಳಿದ ಮಂಜು ಮಧ್ಯಾಹ್ನವಾದರೂ ಮೇಲೇಳಲಿಲ್ಲ. ಛಾವಣಿ ಒದ್ದೆ ಕಂಬಳಿ ಹೊದ್ದು ಮಲಗಿದಂತಿತ್ತು. ಹೀಟರ್ ಆರಿಸಿದ. ಬಿಸಿನೀರಿನ ಟ್ಯಾಂಕ್ ಆರಿಸಿದ. ಅನ್ನ ಅರ್ಧ ಬೆಂದಿತ್ತು, ಹಸಿರು ಗೆರೆ ಪೂರ್ತಿ ಆರಿತು, ಮನೆ ಕತ್ತಲಾಯಿತು.

ಸಂಜೆ ಪದ್ಮಾವತಿ ಬಂದಾಗ ಗಂಡ ಟಾರ್ಚ್ ಹಿಡಿದು, ಎರಡು ಸ್ವೆಟರ್ ತೊಟ್ಟು ಸೋಫಾದ ಮೇಲೆ ಕೂತಿದ್ದ. ಅವಳು ಕೆಲಸ ಮಾಡುವ ವೃದ್ಧರ ರೆಸ್ಟ್ ಹೋಮಿನಲ್ಲಿ ಅವತ್ತು ಇಬ್ಬರು ಸಿಬ್ಬಂದಿ ರಜೆ. ಹಣ್ಣು ಮುದುಕರನ್ನು ಎತ್ತಿ ಇಳಿಸಿ ಅವಳ ಸೊಂಟ ಬಿದ್ದುಹೋಗಿತ್ತು. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದಳು. ಕೈ ಹಿಂದಕ್ಕೆಳೆದುಕೊಂಡು ಹೊರಗೆ ಬಂದಳು.

"ಇನ್ನಾ ಎಷ್ಟ ದಿನಾ ರೀ ಈ ಹಟ?"

"ನನ್ನ ಹೆಸರ ಅದಕ್ಕ ಬರೋತನಕ."

"ಯಶಸ್ ಹಾಕಾಂಗಿಲ್ಲ."

"ಅವ್ನೌನ್, ಹೆಂಗ ಹಾಕಾಂಗಿಲ್ಲ! ಬರ್ಲಿ ಮಗಾ ಕ್ರಿಸ್‌ಮಸ್‌ಗೆ, ಕಾಲ ಮುರಿತೇನಿ."

ಪದ್ಮಾವತಿ ಕೋಟು ಬಿಚ್ಚದೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ತನ್ನ ಫೋನ್ ತೆಗೆದಳು. ಯಶಸ್‌ಗೆ ಹಚ್ಚುತ್ತಾಳೆ ಎಂದುಕೊಂಡ ಲಿಂಗರಾಜ. ಅಲ್ಲ. ಜೊತೆಯ ನರ್ಸೊಬ್ಬಳ ಮನೆಯಲ್ಲೂ ಸೋಲಾರ್ ಇತ್ತು. ಬ್ಯಾಟರಿಯ ತಂಟೆಗೆ ಬಾರದ ಕಂಪನಿ ಯಾವುದು ಎಂದು ಅವತ್ತು ಊಟದ ಹೊತ್ತಿನಲ್ಲಿ ಅವಳನ್ನು ಕೇಳಿಕೊಂಡು ಬಂದಿದ್ದಳು. ಹಳೇ ಅಕೌಂಟಿಗೆ ಯಾರ ಹೆಸರು ಸೇರಿಸಬೇಕು ಎಂದು ಅಪ್ಪ ಮಗ ಹೊಡೆದಾಡುತ್ತಿದ್ದರಲ್ಲ, ಹೊಸ ಕಂಪನಿಗೆ ಈ ಮನೆಯಲ್ಲಿರುವ ಯಾರು ಬೇಕಾದರೂ ಹೊಸದಾಗಿ ಸೇರಬಹುದು. ಅಷ್ಟೇ ಇದ್ದದ್ದು. ಅವಳು ಆ ಹೊಸ ಕಂಪನಿಗೇ ಫೋನ್ ಹಚ್ಚಿದಳು.

ಅವಳು ಇಂಗ್ಲಿಷಿನಲ್ಲಿ ವ್ಯವಹಾರ ಮಾತಾಡುವುದನ್ನು ಲಿಂಗರಾಜ ಎಂದೂ ಕೂತು ಕೇಳಿರಲಿಲ್ಲ. ದನಿ ಏರಿಸದೆ, ಅವಸರ ಮಾಡದೆ ಒಂದೊಂದೇ ಕೇಳುತ್ತಿದ್ದಳು. ಬ್ಯಾಟರಿಗೆ ನೀವು ಕೈ ಹಾಕುತ್ತೀರಾ? ನಾವು ಬಳಸಿ ಉಳಿದ ಕರೆಂಟಿಗೆ ಏನು ಕೊಡುತ್ತೀರಿ? ನಡುವೆ ಬಿಡಬೇಕೆಂದರೆ ದಂಡ ಉಂಟಾ? ಅತ್ತಲಿಂದ ಏನೋ ತಮಾಷೆ ಬಂತು, ಇವಳು ನಕ್ಕಳು.

"ಚಳಿಗಾಲದ ರೇಟ್ ಕೇಳ ಅವನ್ನ," ಎಂದು ಲಿಂಗರಾಜ ಬಾಯಿ ಹಾಕಿದ. ಅವಳು ಅಂಗೈ ಎತ್ತಿ ಸುಮ್ಮನಿರಿಸಿದಳು. ರೋಗಿಗಳಿಗೆ ಹಾಗೆ ಮಾಡುತ್ತಿದ್ದಳೇನೋ.

ಕೊನೆಗೆ ಫೋನಿನ ಆ ಕಡೆಯವನು ಕೇಳಿದ್ದು ಲಿಂಗರಾಜನಿಗೂ ತಿಳಿಯಿತು. ಅಕೌಂಟ್ ನಿಮ್ಮ ಹೆಸರಲ್ಲಿ. ಇನ್ನು ಯಾರಾದರೂ ಇದರ ಬಗ್ಗೆ ನಮ್ಮ ಜೊತೆ ಮಾತಾಡಬಹುದಾ, ಅವರ ಹೆಸರು ಸೇರಿಸಲಾ?

ಲಿಂಗರಾಜ ಸೋಫಾ ಬಿಟ್ಟು ಎದ್ದು ನಿಂತ. ಪದ್ಮಾವತಿ ಅವನ ಮುಖ ನೋಡಿದಳು.

"ನೋ," ಅಂದಳು. "ಜಸ್ಟ್ ಮಿ."

ಅವಳು ಫೋನ್ ಕೆಳಗಿಟ್ಟಳು. ಅವನು ಕೇಳಿದ್ದು ಒಂದೇ. "ಯಾಕ?"

"ಅವತ್ತ ಆ ಹುಡುಗಿ ಮ್ಯಾಲೆ ಒದರಿದ್ರಲ್ಲಾ, ನಾ ಬಾಗಲದಾಗ ನಿಂತಿದ್ದೆ. ಮುದುಕರ ಮಕ್ಕಳು ನನಗೂ ಹಂಗ ಫೋನ್ ಮಾಡಿ ಒದರ್ತಾರ್ರಿ, ಸಂಡೇ ಅನ್ನಾಂಗಿಲ್ಲ, ಹಬ್ಬ ಅನ್ನಾಂಗಿಲ್ಲ. ಅದನ್ನ ಕೇಳಿ ಮನಿಗಿ ಬಂದ್ರ ಇಲ್ಲೂ ಒದರಾಟ."

"ಛಾವಣಿಗಿ ರೊಕ್ಕಾ ಸುರುವಿದಾಂವ ನಾನು!"

"ಛಾವಣಿ ಕೆಳಗಿನ ಮನಿ ಸಾಲಾ ಕಟ್ಟಾಕತ್ತಾಕಿ ನಾನು. ಒಂದಿನಾನರೆ ನನ್ನ ಮನಿ ಅಂದೇನೇನು?"

ಲಿಂಗರಾಜನ ಕಿವಿ ಕೆಂಪಾದವು. ದನಿ ಮಾತ್ರ ಏರಲಿಲ್ಲ. ಏರಿಸಿದರೆ ಅವಳು ಹೇಳಿದ್ದೇ ನಿಜವಾಗುತ್ತದೆ, ಏರಿಸದಿದ್ದರೆ ಅವನ ಹತ್ತಿರ ಬೇರೆ ಮಾತಿಲ್ಲ.

"ಹೊಸಾ ಕಂಪನಿ ಮುಂದಿನ ವಾರ ಸುರು ಆಗ್ತೈತಿ," ಎಂದಳು ಪದ್ಮಾವತಿ, ಕೋಟಿನ ಗುಂಡಿ ಬಿಚ್ಚುತ್ತಾ. "ಅಲ್ಲಿತನಕ ಹಳೇದ ಇರ್ಲಿ. ಹೋಗ್ರಿ, ಸ್ವಿಚ್ ಏರಸ್ರಿ. ನಾ ಜಳಕಾ ಮಾಡ್ಬೇಕು."

ಅವನು ಚಪ್ಪಲಿ ಮೆಟ್ಟಿ ಮಂಜಿನೊಳಗೆ ಹೋಗಿ ಸ್ವಿಚ್ ಎತ್ತಿದ. ಕಿಟಕಿಗಳೆಲ್ಲ ಒಮ್ಮೆಗೇ ಬೆಳಗಿದವು. ಒಳಗೆ ಅವಳು ಮಗನಿಗೆ ಫೋನ್ ಹಚ್ಚಿ, ಇನ್ನು ಕರೆಂಟಿನ ಗೊಡವೆ ನಿನಗೆ ಬೇಡ ಎಂದು ಹೇಳುತ್ತಿದ್ದಳು. ಮಗ ಏನೆಂದನೋ, ಅವಳು "ಅವರಾ? ಹೊರಗದಾರ" ಅಂದಳು.

ಲಿಂಗರಾಜ ಹೊರಗೇ ನಿಂತಿದ್ದ.